ಭಟ್ಟಿ ಮೇಸ್ತ್ರಿಯ ನಕ್ಷೆ

ನಮ್ಮ ಭಟ್ಟಿ ಮೇಸ್ತ್ರಿಗೆ ಹುಬ್ಬುಗಳಿರಲಿಲ್ಲ. ಪಿಂಪ್ರಿಯ ಕಾರ್ಖಾನೆಯ ಭಟ್ಟಿಯಲ್ಲಿ ಮೂವತ್ತು ವರ್ಷ ಉಕ್ಕು ಕಾಯಿಸುತ್ತ ಸುಟ್ಟುಹೋಗಿದ್ದವು. ಸಿಟ್ಟು ಬಂದಾಗ ಆ ಬೋಳು ಚರ್ಮವೇ ಮಡಿಕೆಯಾಗುತ್ತಿತ್ತು.

ಅವರು ನಿವೃತ್ತರಾಗುವ ಮುಂಚೆ ಅವರಿಗೆ ತಿಳಿದದ್ದೆಲ್ಲ ಕಂಪ್ಯೂಟರಿಗೆ ಹೋಗಬೇಕೆಂದು ಮೇಲಿನವರು ತೀರ್ಮಾನಿಸಿದರು. ಹೇಳಿದ್ದನ್ನು ನಕ್ಷೆಯಾಗಿ ಬರೆಯುವ ಕೆಲಸ ಕ್ಲರ್ಕ್ ಆಗಿದ್ದ ನನಗೆ ಬಂತು; ನಾನೂ ಕಲಬುರಗಿ ಕಡೆಯವಳು, ಅವರ ಮಾತು ತಿಳಿಯುತ್ತಿತ್ತು. ಒಂದೊಂದು ವಿಷಯಕ್ಕೆ ಒಂದೊಂದು ವೃತ್ತ, ವೃತ್ತಗಳ ನಡುವೆ ಬಾಣ, ಬಾಣದ ಮೇಲೆ ಸಂಬಂಧ ಹೇಳುವ ಮಾತು. 'ಉಕ್ಕು' ವೃತ್ತದಿಂದ 'ಬಿರುಕು' ವೃತ್ತಕ್ಕೆ ಹೋಗುವ ಬಾಣದ ಮೇಲೆ 'ಕಾದದ್ದನ್ನು ಎಣ್ಣೆಯ ಬದಲು ನೀರಿಗೆ ಅದ್ದಿದರೆ' ಎಂದು ಬರೆದದ್ದು ನೆನಪಿದೆ.

ದಿನಾ ಮಧ್ಯಾಹ್ನ ಡಬ್ಬಿಯ ಊಟ ಮುಗಿಸಿದ ಮೇಲೆ ಕೂರುತ್ತಿದ್ದೆವು.

"ಬರಕೋ ತಂಗಿ. ಎಣ್ಣಿ ಚಟಪಟ ಅಂದ್ರ ಅದರಾಗ ನೀರು ಸೇರೇದ. ಹಿಂದ ಸರೀಬೇಕು. ಇದು ನನಗ ಕೆಲಸ ಕಲಿಸಿದ ಸಾಸವಡದ ಕಾಕಾ ಹೇಳಿದ್ದು, ಅವರ ಹೆಸರೂ ಹಾಕು."

"ಹೆಸರು ಯಾಕ್ರಿ?"

"ಬರೇ ಹೇಳಿದ್ರ ಯಾರೂ ಕೇಳಂಗಿಲ್ಲ. ಆ ಎಣ್ಣಿ ಸಿಡಿದು ಕಾಕಾನ ಕಣ್ಣು ಹೋಗೇದ ಅಂದ್ರ ಕೇಳ್ತಾರ."

ಹೀಗೆ ಹೇಳಿಕೊಟ್ಟವರಿಗೆಲ್ಲ ಒಂದೊಂದು ವೃತ್ತ ಹಾಕಿದೆ. ಹೆಸರು ತೆಗೆದರೆ ಮುಂದೆ ಬಾಯಿ ಬಿಡುವುದಿಲ್ಲವೆಂದು ಮೇಸ್ತ್ರಿ ಮೊದಲೇ ತಾಕೀತು ಮಾಡಿದ್ದರು. ಬೆಂಗಳೂರಿನಿಂದ ಬಂದಿದ್ದ ಕಂಪ್ಯೂಟರ್ ಸಾಹೇಬ ಒಪ್ಪಿದ್ದ.

ಕೆಲಸ ಮುಗಿದು, ಸಭೆಯಲ್ಲಿ ನಕ್ಷೆ ಗೋಡೆಯ ಮೇಲೆ ಮೂಡಿತು. ಹೇಳಿಕೊಟ್ಟವರ ಹೆಸರಿನ ಒಂದು ವೃತ್ತವೂ ಅದರಲ್ಲಿರಲಿಲ್ಲ. ಮೇಸ್ತ್ರಿ ಎದ್ದರು.

"ನಮ್ಮ ಕಾಕಾ ಎಲ್ಲಿ?"

"ಸಿಸ್ಟಮ್‌ಗೆ ನಾಲೆಡ್ಜ್ ಸಾಕು ಮೇಸ್ತ್ರಿ. ಯಾರು ಹೇಳಿದ್ರು ಅನ್ನೋದೆಲ್ಲಾ ಎಕ್ಸ್‌ಟ್ರಾ," ಎಂದ ಸಾಹೇಬ.

"ಕಣ್ಣು ಎಕ್ಸ್‌ಟ್ರಾ ಏನ್ರಿ? ಹಂಗಿದ್ರ ನಿಮ್ದೊಂದು ತಗದು ಇಡ್ರಿ."

ಯಾರೋ ನಕ್ಕರು. ಮೇಸ್ತ್ರಿ ನನ್ನ ಕಡೆ ತಿರುಗಿದರು. "ತಂಗಿ, ನೀ ಹಾಕಿದ್ದಿ ಹೌದಿಲ್ಲ? ಹೇಳು."

ನಾನು ತಲೆ ತಗ್ಗಿಸಿ, ನಡಾವಳಿ ಪುಸ್ತಕದಲ್ಲಿ 'ನಕ್ಷೆ ಸರಿಯಾಗಿದೆ' ಎಂದು ಬರೆದು ಸಹಿ ಮಾಡಿದೆ.

ಆಮೇಲೆ ಅವರು ನನ್ನನ್ನು ಮಾತಾಡಿಸಲಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮನೆಯಲ್ಲಿ ಪಾತ್ರೆ ತಿಕ್ಕುವಾಗ ಆ ಸಾಹೇಬನನ್ನು ಎಷ್ಟು ಬೈದಿದ್ದೇನೋ, ನನ್ನನ್ನೂ ಅಷ್ಟೇ ಬೈದುಕೊಂಡಿದ್ದೇನೆ.

ಮೊನ್ನೆ ಭಟ್ಟಿಗೆ ಹೊಸದಾಗಿ ಸೇರಿದವಳೊಬ್ಬಳು ಕಂಪ್ಯೂಟರ್ ಪರದೆಯಲ್ಲಿ ಆ ನಕ್ಷೆ ನೋಡಿ, ಎಣ್ಣೆ ಚಟಪಟ ಅಂದದ್ದಕ್ಕೆಲ್ಲ ಓಡಿಹೋಗಬೇಕೇ ಎಂದು ಮರಾಠಿಯಲ್ಲಿ ನಗಾಡಿದಳು. ನಾನು ಎದ್ದು ಹೋಗಿ ಕಾಕಾನ ಹೆಸರು ಹೇಳಿದೆ, ಕಣ್ಣು ಹೇಗೆ ಹೋಯಿತೆಂದು ಹೇಳಿದೆ, ಅದನ್ನು ನನಗೆ ಹೇಳಿದ ಮೇಸ್ತ್ರಿಯ ಹೆಸರನ್ನೂ ಹೇಳಿದೆ. ಅವಳ ನಗು ನಿಂತಿತು. ಗಾಜಿನಾಚೆಯ ತನ್ನ ಕೋಣೆಯಿಂದ ಸಾಹೇಬ ಕತ್ತೆತ್ತಿ ನೋಡಿದ. ನಾನು ದನಿ ತಗ್ಗಿಸಲಿಲ್ಲ. ಆ ಸಭೆಯಲ್ಲೇ ಎತ್ತಬೇಕಿದ್ದ ದನಿ ಅದು.