ಅಂಗಳದ ಮರಳು, ದೊಡ್ಡಪ್ಪನ ತೀರ್ಪು

ಅಕ್ಕ ರಾಜಸ್ಥಾನದ ಪ್ರವಾಸದಿಂದ ಇನ್ನೂರ ಹನ್ನೊಂದು ಫೋಟೊ ತಂದಳು. ಅದರಲ್ಲಿ ನೂರ ಅರವತ್ತು ಬರೀ ಮರಳುದಿಬ್ಬ ಮತ್ತು ಮುಳುಗುವ ಸೂರ್ಯ. ಒಂಬತ್ತನೇ ಸಲ ತೋರಿಸಲು ಬಂದಾಗ ನನಗೆ ತಡೆಯಲಾಗಲಿಲ್ಲ.

"ಇಂಥದ್ದನ್ನ ನಾನು ಶಿಕಾರಿಪುರದಾಗೇ ತೆಗೀತೀನಿ," ಎಂದುಬಿಟ್ಟೆ.

ಪಂದ್ಯ ಆಯಿತು. ನನ್ನ ಫೋಟೊ ನೋಡಿ ಸೊರಬದ ದೊಡ್ಡಪ್ಪ ತಾವಾಗಿಯೇ "ಮರುಭೂಮಿ" ಅನ್ನಬೇಕು. ಹಾಗೆ ಅಂದರೆ ಅಕ್ಕ ಒಂದು ತಿಂಗಳು ಪಾತ್ರೆ ತೊಳೆಯಬೇಕು, ಅನ್ನದಿದ್ದರೆ ನಾನು. ನಮ್ಮ ಮನೆಗೆ ಮೇಲ್ಮಹಡಿ ಕಟ್ಟಿಸುತ್ತಿದ್ದರಿಂದ ಅಂಗಳದಲ್ಲಿ ಒಂದು ಲೋಡು ಮರಳು ಬಿದ್ದಿತ್ತು. ಶುಕ್ರವಾರ ಬೆಳಿಗ್ಗೆ ಅದೆಲ್ಲ ಕಾಂಕ್ರೀಟಿಗೆ ಹೋಗುವುದಿತ್ತು. ನನಗಿದ್ದದ್ದು ಮೂರು ಸಂಜೆ.

ಮಂಗಳವಾರ: ಐವತ್ತೆರಡು ಫೋಟೊ. ಮೊಬೈಲನ್ನು ನೆಲಕ್ಕೆ ಒತ್ತಿ, ಕೆನ್ನೆಯನ್ನೂ ನೆಲಕ್ಕೆ ಒತ್ತಿ ತೆಗೆದದ್ದು. ಎಲ್ಲದರಲ್ಲೂ ದಿಬ್ಬದ ನೆತ್ತಿಯ ಮೇಲೆ ಬೆಕ್ಕು ಕೂತಿದೆ. ಅದು ಅಲ್ಲಿ ಏನು ಮಾಡುತ್ತಿತ್ತು ಎಂದು ಬರೆಯುವುದಿಲ್ಲ.

ಬುಧವಾರ: ಹದಿನೇಳು. ಸರಿಯಾಗಿ ಬೆಳಕು ಕೆಂಪಾಗುವ ಹೊತ್ತಿಗೆ ಪಕ್ಕದ ಮನೆಯ ಆಂಟಿ ಬಕೆಟ್ ಹಿಡಿದು ಬಂದು ನೆತ್ತಿಗೇ ಕೈ ಹಾಕಿದರು.

"ಆಂಟಿ, ಕೆಳಗಿಂದ ತಗೊಳ್ರೀ!"

"ಕೆಳಗಿಂದು ಹಸಿ ಐತಲ್ಲೇ. ಶೇಂಗಾ ಹುರಿಯಾಕೆ ಒಣ ಮರಳೇ ಬೇಕು."

ಗುರುವಾರ ಬೆಳಿಗ್ಗೆ, ದಿಬ್ಬವನ್ನು ಸ್ವಲ್ಪ ಚೆಂದ ಮಾಡಿಡಿ ಎಂದು ಮೇಸ್ತ್ರಿಗೆ ಹೇಳಿ ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ಮರಳು ನಾಲ್ಕು ಮೂಲೆ ಸಮವಾಗಿ, ಮೇಲೆ ಚಪ್ಪಟೆಯಾಗಿ, ಹಾಸಿಗೆಯ ಹಾಗೆ ನಿಂತಿತ್ತು.

"ಮಟ್ಟ ಇಟ್ಟು ನೋಡವ್ವ ಬೇಕಾರೆ," ಎಂದರು ಮೇಸ್ತ್ರಿ. "ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ."

ಸೂರ್ಯ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ ಹೋಗಲು ಇಪ್ಪತ್ತು ನಿಮಿಷ ಇತ್ತು. ಸಲಿಕೆಯಲ್ಲಿ ಮತ್ತೆ ದಿಬ್ಬ ಏರಿಸಿದೆ, ಬಾಚಣಿಗೆಯಲ್ಲಿ ಅಲೆ ಎಳೆದೆ. ಮೇಸ್ತ್ರಿ "ಅಯ್ಯೋ, ಮಾಡಿದ್ದೆಲ್ಲ ಹಾಳಾತು" ಎಂದು ನೊಂದುಕೊಳ್ಳುತ್ತಲೇ ಮೊರದಿಂದ ಗಾಳಿ ಹಾಕಿದರು. ಆ ದಿನದ ಹದಿನಾಲ್ಕನೆಯ, ಒಟ್ಟು ಎಂಬತ್ತಮೂರನೆಯ ಫೋಟೊದಲ್ಲಿ ಟ್ಯಾಂಕಿಲ್ಲ, ಬೆಕ್ಕಿಲ್ಲ, ನನ್ನ ಹೆಬ್ಬೆರಳೂ ಇಲ್ಲ. ಹೊಂಬಣ್ಣದ ದಿಬ್ಬ, ಒಂದು ಮಗ್ಗುಲಿಗೆ ನೆರಳು. ನೋಡಿ ಅಕ್ಕನ ಮುಖ ಸಣ್ಣದಾಯಿತು.

ಭಾನುವಾರ ಇಬ್ಬರೂ ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಹೋದ ವರ್ಷವಷ್ಟೇ ಮನೆ ಕಟ್ಟಿಸಿ ಮುಗಿಸಿದ್ದ ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ನನ್ನ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಒಳ್ಳೇ ಮರಳು ಕಣೇ. ತಾರಸಿಗೆ ಹೇಳಿ ಮಾಡ್ಸಿದ್ದು. ಲೋಡು ಯಾರು ತಂದ್ಹಾಕಿದ್ದು?"

ಅಕ್ಕ ಚಪ್ಪಾಳೆ ತಟ್ಟಿದಳು. ನಾನು ಅವಳ ಮೊಬೈಲ್ ಕಸಿದುಕೊಂಡು ಅಸಲಿ ಮರುಭೂಮಿಯನ್ನೇ ದೊಡ್ಡಪ್ಪನ ಮುಂದೆ ಹಿಡಿದೆ.

"ಹಂಗಾದ್ರೆ ಇದೇನು ಹೇಳಿ ದೊಡ್ಡಪ್ಪ."

ಅವರ ಹುಬ್ಬು ಗಂಟಾಯಿತು. "ಥೂ, ಇದು ಬರೀ ಹಿಟ್ಟು ಮಾರಾಯ್ತಿ. ಸಿಮೆಂಟು ಹಿಡಿಯಲ್ಲ. ಯಾವನೋ ನಿಮಗೆ ಟೋಪಿ ಹಾಕಿದಾನೆ. ಲಾರಿ ವಾಪಸ್ ಕಳ್ಸು ಅಂತ ನಿಮ್ಮಪ್ಪಂಗೆ ಹೇಳಿ."

ನಿಯಮದ ಪ್ರಕಾರ ನಾನು ಸೋತೆ. ಆದರೆ ಅಕ್ಕನ ಮರುಭೂಮಿಯೂ ಪಾಸಾಗದ ಕಾರಣ, ಬರುವಾಗ ಬಸ್ಸಿನಲ್ಲಿ ಜಗಳಾಡಿ, ಚಮಚ ಮತ್ತು ಸೌಟುಗಳನ್ನು ಅವಳ ಪಾಲಿಗೆ ಹಾಕಿಸಿದೆ. ಸೋಮವಾರ ತೊಳೆದದ್ದರ ಲೆಕ್ಕ: ನಾನು ಇಪ್ಪತ್ತೊಂಬತ್ತು ಪಾತ್ರೆ, ಅವಳು ಹದಿಮೂರು ಚಮಚ-ಸೌಟು.