ಉಂಡ ಮೇಲೆ ಹೇಳುವ ಸುದ್ದಿ

ಇವತ್ತು ಮಧ್ಯಾಹ್ನ ಅತ್ತೆಗೆ ಬಡಿಸಿ ಬಂದು ಪಡಸಾಲೆಯ ಗೂಡು ಒರೆಸುತ್ತಿದ್ದಾಗ, ಹಳೆಯ ಫೋನಿಗೆ ನಾನೇ ಹೆಣೆದಿದ್ದ ಕ್ರೋಷಾ ಹೊದಿಕೆ ಕೈಗೆ ಬಂತು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರಲ್ಲಿ ಕೊಟ್ಟೂರಿನ ಈ ಮನೆಗೆ ಉಪಯೋಗವಾದದ್ದು ಬಹುಶಃ ಇದೊಂದೇ. ಫೋನು ಸತ್ತು ವರ್ಷಗಳಾದರೂ ಅತ್ತೆ ಅದನ್ನು ಎಸೆಯಗೊಡುವುದಿಲ್ಲ.

ಎಸೆಯುವುದಾದರೂ ಹೇಗೆ ಹೇಳಿ! ರಿಂಗಾದರೆ ಎತ್ತುತ್ತಿದ್ದವರು ಅವರೊಬ್ಬರೇ. ನಾನು ಹೊಸದಾಗಿ ಬಂದ ವರ್ಷ, ಮಾವ ಉಣ್ಣುತ್ತಿದ್ದಾಗ ಹಂಪಸಾಗರದಿಂದ ಫೋನು ಬಂತು. ಅತ್ತೆ "ಹ್ಞೂಂ, ಹ್ಞೂಂ" ಎಂದು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದರು. ಮಾವ ಕೈ ತೊಳೆದ ಮೇಲೆಯೇ ಗೊತ್ತಾದದ್ದು, ಅವರ ಚಿಕ್ಕಪ್ಪ ಹೋಗಿಬಿಟ್ಟಿದ್ದರು. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಮಣ್ಣು ಮಾಡುವುದು ಮುಗಿದು ಸ್ನಾನವಾಗುವ ತನಕ ನಮ್ಮಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಅಂದಿನಿಂದ ಈ ಮನೆಯಲ್ಲಿ ಯಾರಾದರೂ ಊಟ ವಿಚಾರಿಸಿದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಮಗಳು ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದಾಳೆ. ಹೋದ ಸಲ ಮಾಧ್ಯಮ ಸಿದ್ಧಾಂತಗಳ ಪೇಪರಿನಲ್ಲಿ ಫೇಲಾಗಿ, "ನನ್ನ ತಲಿಗೆ ಹತ್ತಂಗಿಲ್ಲ ಮಮ್ಮಿ, ಇನ್ನೊಂದ್ಸಲ ಹೋದ್ರ ಬಿಟ್ಟುಬಿಡ್ತೀನಿ" ಎಂದು ಚೀಲ ಸಮೇತ ಬಂದಿಳಿದಳು. ನಾನು ಇಂಗ್ಲಿಷಿನಲ್ಲಿ ಓದಿ ಹೇಳಲು ಕೂತೆ. ಉಚ್ಚಾರವೇನೋ ಚೆನ್ನಾಗಿತ್ತು; ಅರ್ಥ ಇಬ್ಬರಿಗೂ ಆಗಲಿಲ್ಲ. ಹಾಗೇ 'ಗೇಟ್‌ಕೀಪಿಂಗ್' ಎಂಬಲ್ಲಿಗೆ ಬಂದೆವು. ಸುದ್ದಿಗೂ ಜನರಿಗೂ ನಡುವೆ ಒಬ್ಬರು ನಿಂತು, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನಿಸುತ್ತಾರಂತೆ. ಮಗಳು ತಟ್ಟನೆ ತಲೆಯೆತ್ತಿದಳು.

"ಮಮ್ಮಿ, ಇದು ನಮ್ಮಜ್ಜಿ!"

"ನಾನೇನ್ ವಾಚ್‌ಮನ್ನೇನಲೇ?" ಅತ್ತೆ ಮಣೆಯ ಮೇಲಿಂದಲೇ ಗದರಿದರು.

"ಮತ್ತ, ಸುದ್ದಿ ಮುಚ್ಚಿಡ್ತಿದ್ದಿಲ್ಲೇನು?"

"ಮುಚ್ಚಿಡ್ತಿದ್ದಿಲ್ಲವ್ವಾ. ಕೈ ತೊಳಿಯೋ ತನಕ ಹಿಡ್ಕೊಂತಿದ್ದೆ."

"ಹಿಡ್ಕೊಳ್ಳಾಕ ನಿನಗ ಅಧಿಕಾರ ಕೊಟ್ಟೋರ್ಯಾರು?"

ಅತ್ತೆ ಎದ್ದು ಫೋನಿನ ಹೊದಿಕೆಯ ಅಂಚು ಎಳೆದು ಸರಿಮಾಡಿದರು. ಮಗಳು ಅಷ್ಟಕ್ಕೇ ಬಿಡಲಿಲ್ಲ. ಮಿಕ್ಕ ಸಿದ್ಧಾಂತಗಳನ್ನೂ ಮನೆಯವರ ಮೇಲೆ ಹಾಕಿ ನೋಡಿದಳು. ಎಲ್ಲರೂ ಒಂದು ಕಡೆ ಇದ್ದಾಗ ಬೇರೆ ಅಭಿಪ್ರಾಯದವರು ಬಾಯಿ ಮುಚ್ಚುತ್ತಾರೆ ಎಂಬುದಕ್ಕೆ ಅವಳ ಅಪ್ಪನೇ ಸಿಕ್ಕರು. ಹೋಗಿ ಪರೀಕ್ಷೆ ಬರೆದಳು.

ಇವತ್ತು ಅದೇ ಹೊದಿಕೆ ಕೊಡವುತ್ತಿದ್ದೆ, ಮೊಬೈಲು ರಿಂಗಾಯಿತು: ಮಗಳು. ಅವಳ ಫಲಿತಾಂಶದ ದಿನ.

"ಮಮ್ಮಿ, ಉಂಡ್ಯಾ?"

"ಉಂಡೆ, ಹೇಳು" ಎಂದು ಸುಳ್ಳಾಡಿದೆ.

"ಥಿಯರಿಯೊಳಗ ಡಿಸ್ಟಿಂಕ್ಷನ್!"

"ಹಂಗಾದ್ರ ಉಂಡ್ಯಾ ಅಂತ ಯಾಕ ಕೇಳ್ದಿ? ಜೀವ ಹೋತು ನಂದು!"

"ಇನ್ನ ನೀ ಓಣಿ ತುಂಬ ಹೇಳ್ಕೊಂತ ತಿರುಗ್ತಿ. ಉಣ್ಣೋದು ಎಲ್ಲಿ ನೆನಪಿರತೈತಿ?"

ಒಳಗೆ ಹೋದೆ. ಅತ್ತೆ ಇನ್ನೂ ಉಣ್ಣುತ್ತಿದ್ದರು. ಮುಖ ಬಿಗಿಮಾಡಿಕೊಂಡು, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಅತ್ತಿ?" ಎಂದೆ.

ಅವರ ಕೈ ತಾಟಿನಲ್ಲೇ ನಿಂತಿತು. "ಯಾರು?" ಎಂದರು ಮೆಲ್ಲಗೆ.

ನನ್ನಿಂದ ಹಿಡಿದುಕೊಳ್ಳಲಾಗಲಿಲ್ಲ. "ನಿಮ್ಮ ಮೊಮ್ಮಗಳರಿ! ಪಾಸಾದ್ಳು, ಡಿಸ್ಟಿಂಕ್ಷನ್ನಿನಾಗ!"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಾಟನ್ನು ಮುಂದೆ ಸರಿಸಿದರು.

"ಹಾಕು. ಎರಡು ಹಾಕು."