ಎರೆಯುವ ಆಯಿ ಮತ್ತು ಗುಲಾಬಿ ಚೂಸ್ನಿ

ಕಳೆದ ವರ್ಷ ನಾಗರ ಪಂಚಮಿ ಮುಗಿದ ವಾರ, ಶಹಾಪುರದ ನಮ್ಮ ಮನೆಯ ಬಚ್ಚಲಲ್ಲಿ, ಓಣಿಯ ಎರೆಯುವ ಆಯಿ ನನ್ನ ಐದು ತಿಂಗಳ ಮಗಳ ಬಾಯಿಂದ ಚೀಪುವ ರಬ್ಬರ್ ತೊಟ್ಟನ್ನು, ಗುಲಾಬಿ ಬಣ್ಣದ ಚೂಸ್ನಿಯನ್ನು, ಕಿತ್ತು, ತಂಬಿಗೆ ನೀರಲ್ಲಿ ಜಾಲಿಸಿ, ತಮ್ಮ ಬಾಯಿಗೆ ಇಟ್ಟುಕೊಂಡರು. ಆ ಬಾಯಲ್ಲಿ ಇದ್ದದ್ದು ಒಂದೇ ಹಲ್ಲು, ಕೆಳದವಡೆಯ ನಡುವೆ. ಎಡಗಲ್ಲದಲ್ಲಿ ತಂಬಾಕಿನ ಉಂಡೆ. ಅರ್ಧ ನಿಮಿಷ ಚೀಪಿ ನೋಡಿದರು.

"ಇದರಾಗ ಏನೂ ಬರಂಗಿಲ್ಲಲ್ಲೋ ತಮ್ಮಾ!"

"ಬರೂದಲ್ಲ ಆಯಿ ಅದು. ಸುಮ್ಮನ ಚೀಪೂದು."

"ಪೇಪರಿನಾಂವ ನೀ. ಮಗಳಿಗೆ ಮೊದಲನೇ ಸುದ್ದಿನೇ ಸುಳ್ಳ ಕೊಡ್ತೀ?"

ಆಯಿಯ ಕಸುಬು ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವುದು. ಬಚ್ಚಲ ಕಲ್ಲಿನ ಮೇಲೆ ಕುಳಿತು ಎರಡೂ ಕಾಲು ಚಾಚಿದರೆ ಅದೇ ಹಾಸಿಗೆ. ಮೊಣಕಾಲ ಕೆಳಗಿನ ಚರ್ಮ ಎಣ್ಣೆ ಕುಡಿದು ಕುಡಿದು ಮಿರಿಮಿರಿ ಹೊಳೆಯುತ್ತಿತ್ತು. ಓಣಿಯ ಮುಕ್ಕಾಲು ಜನ ಆ ಕಾಲಿನ ಮೇಲೆ ಬೋರಲು ಬಿದ್ದು ಅತ್ತವರೇ. ನಾನೂ ಹೌದು. ಹೀಗಾಗಿ ಅವರಿಗೆ ಯಾರ ದೊಡ್ಡಸ್ತಿಕೆಯೂ ತಾಗುತ್ತಿರಲಿಲ್ಲ. ವೋಟು ಕೇಳಲು ಬಂದ ಅಭ್ಯರ್ಥಿಯೊಬ್ಬನ ಮುಖವನ್ನು ಹತ್ತು ಜನರ ಎದುರು ಹಿಡಿದು ತಿರುಗಿಸಿ, "ಈ ಮೂಗು ಹಿಂಗ್ಯಾಕ ಆತೋ? ನಾ ತೀಡಿ ತೀಡಿ ನೆಟ್ಟಗ ಮಾಡಿ ಕೊಟ್ಟಿದ್ದೆ" ಎಂದಿದ್ದರು. ಅವನು ಮೂಗು ಮುಟ್ಟಿಕೊಳ್ಳುತ್ತಾ ಮುಂದಿನ ಮನೆಗೆ ಹೋದ.

ಚೂಸ್ನಿ ನಮ್ಮ ಮನೆಗೆ ಬಂದದ್ದು ಸುರಪುರದಿಂದ. ಹೆಂಡತಿ ಬಾಣಂತನ ಮುಗಿಸಿ ತವರಿನಿಂದ ಹೊರಟಾಗ ಅತ್ತೆ ತೊಟ್ಟಿಲು, ಕುಂಚಿಗೆ, ಗಿಲಕಿಗಳ ಜೊತೆ ಅದನ್ನೂ ಚೀಲಕ್ಕೆ ಹಾಕಿದ್ದರು. ತವರಿನವರು ಕೊಟ್ಟದ್ದನ್ನು ಬೇಡ ಎನ್ನುವುದು ಸುಲಭವಲ್ಲ. ಜೊತೆಗೆ ಹೆಂಡತಿ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. ಹೆರಿಗೆ ರಜೆ ಮುಗಿಯಲು ಒಂದು ತಿಂಗಳಿತ್ತು. ಮಗಳು ಎತ್ತಿಕೊಂಡರೆ ಸುಮ್ಮನೆ, ಇಳಿಸಿದರೆ ಓಣಿಯ ತುದಿಗೆ ಕೇಳುವಂತೆ ಅಳು. ನನ್ನ ಅವ್ವನಿಗೆ ಮೊಣಕಾಲು ನೋವು, ಎತ್ತಿಕೊಂಡು ತಿರುಗಲಾರಳು. ಚೂಸ್ನಿಗೆ ಕೂಸು ಒಗ್ಗದಿದ್ದರೆ ನೌಕರಿಯೇ ಬಿಡಬೇಕಾಗುತ್ತದೆ ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು.

ಪತ್ರಿಕೆಯ ವರದಿಗಾರನಾದ ನಾನು ಎಲ್ಲ ಕಡೆಯವರ ಹೇಳಿಕೆ ಪಡೆದೆ. ಅತ್ತೆ: ಕೊಡಬೇಕು. ಅವ್ವ: ಕೊಟ್ಟರೆ ನಾನು ಬದುಕಿದೆ. ಯಾದಗಿರಿಯ ಮಕ್ಕಳ ಡಾಕ್ಟರು: ಶುಚಿಯಾಗಿಟ್ಟು ಕೊಟ್ಟರೆ ತಪ್ಪಿಲ್ಲ, ಆದರೆ ಬಿಡಿಸುವಾಗ ನಿಮ್ಮ ಕಷ್ಟ ನಿಮಗೆ. ಉಳಿದದ್ದು ಆಯಿಯ ಹೇಳಿಕೆ. ಅದು ಬಚ್ಚಲಲ್ಲಿ ದಾಖಲಾಯಿತು.

ಟವೆಲ್ ಹಿಡಿದು ನಿಂತಿದ್ದ ಹೆಂಡತಿ ಸುಮ್ಮನಿರಲಿಲ್ಲ. "ನಾ ಸಾಲಿಗೆ ಹೋದ ಮ್ಯಾಲ ಇಕಿ ಅತ್ತರ ಯಾರು ಎತ್ಕೋಬೇಕ್ರಿ ಆಯಿ? ಅತ್ತಿಯವರಿಗೆ ಆಗಂಗಿಲ್ಲ. ಇವರಂತೂ ಮನ್ಯಾಗ ಇರಂಗಿಲ್ಲ."

"ಯಾಕ, ನಾ ಸತ್ತೀನೇನು? ಮಧ್ಯಾಹ್ನ ನಾ ಬರ್ತೀನಿ."

"ನಿಮ್ಮ ಬಾಯಾಗ ಹಗಲೆಲ್ಲಾ ತಂಬಾಕು ಇರ್ತದ. ಇಕಿ ನೋಡಿದ್ರ ಎಲ್ಲಾರ ಬಾಯಾಗ ಬೆರಳು ಹಾಕ್ತಾಳ. ಅದನ್ನ ಬಿಟ್ಟರ ಬರ್ರಿ."

ಆಯಿ ತಂಬಿಗೆ ಕೆಳಗಿಟ್ಟರು. ಆ ಬಚ್ಚಲಲ್ಲಿ ಅವರಿಗೆ ಎದುರು ಮಾತಾಡಿದವರು ಅದುವರೆಗೆ ಕೂಸುಗಳು ಮಾತ್ರ.

"ಮದಿವಿ ಆದಾಗಿಂದ ಹಚ್ಕೊಂಡದ್ದು ಯವ್ವಾ."

"ಇಕಿದು ಹಚ್ಕೊಂಡು ಇನ್ನಾ ವಾರ ಆಗಿಲ್ಲ. ಇಕಿ ಚೂಸ್ನಿ ಬಿಡ್ತಾಳ, ನೀವು ತಂಬಾಕು ಬಿಡ್ರಿ."

ಅವ್ವ ಬಾಗಿಲಲ್ಲಿ ನಿಂತು ನಕ್ಕಳು. "ಕೂಸು ಬಿಡಬಹುದು. ಈ ಮುದುಕಿ ಬಿಟ್ಟಂಗ ಬಿಡು!"

ಆ ನಗು ಆಯಿಗೆ ತಾಗಿತೆಂದು ಕಾಣುತ್ತದೆ. ಗಲ್ಲದ ಉಂಡೆ ತೆಗೆದು ಬಚ್ಚಲ ಮೋರಿಗೆ ಉಗಿದರು. ಚೂಸ್ನಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಇದನ್ನ ಕಾಲುವಿಗೆ ಒಗೀತೀನಿ. ಕೃಷ್ಣಾ ನೀರಾಗ ಹೋಗಲಿ" ಎಂದು ಹೇಳಿ, ಏನೂ ಆಗಿಲ್ಲವೆಂಬಂತೆ ಮಗಳ ಬೆನ್ನಿಗೆ ನೀರು ಹಾಕತೊಡಗಿದರು.

ಮೊದಲ ನಾಲ್ಕು ದಿನ ಅವರ ಸಿಡುಕಿಗೆ ಹೆದರಿ ಓಣಿಯಲ್ಲಿ ಯಾರೂ ಹತ್ತಿರ ಸುಳಿಯಲಿಲ್ಲ. ಐದನೇ ದಿನದಿಂದ ಶಾಂತರಾದರು. ಅಂಗಡಿಯವನು ತಾನಾಗಿಯೇ ತಂಬಾಕಿನ ಚೀಟಿ ಚಾಚಿದರೂ ಮುಟ್ಟಲಿಲ್ಲವಂತೆ. ಹೇಗೆ ಬಿಟ್ಟಿರೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಮನಸ್ಸು ಗಟ್ಟಿ ಇರಬೇಕು."

ಹೆಂಡತಿ ಶಾಲೆಗೆ ಹೋದಳು. ಆಯಿ ದಿನಾ ಊಟದ ಹೊತ್ತಿಗೆ ಬಂದು, "ನೀ ಒಳಗ ಹೋಗಿ ಅಡ್ಡಾಗು ತಂಗಿ" ಎಂದು ಅವ್ವನನ್ನು ಕಳಿಸಿ, ಪಡಸಾಲೆಯಲ್ಲಿ ಕಾಲು ಚಾಚಿ ಮಗಳನ್ನು ಹಾಕಿಕೊಳ್ಳುತ್ತಿದ್ದರು. ಬಾಗಿಲು ಮುಂದಕ್ಕೆ ಮಾಡುತ್ತಿದ್ದರು, ನೊಣ ಬರುತ್ತವೆಂದು. ಸಂಜೆ ಬಸ್ಸು ಇಳಿದು ಹೆಂಡತಿ ಬರುವವರೆಗೆ ಮನೆಯಿಂದ ಸದ್ದಿಲ್ಲ. "ಒಂದ ಸಲಾನೂ ಅಳಂಗಿಲ್ಲ ನೋಡು," ಅವ್ವ ಹೇಳುತ್ತಿದ್ದಳು. ಸುರಪುರದ ಅತ್ತೆ ಫೋನಿನಲ್ಲಿ, "ಚೂಸ್ನಿ ಹಿಡಿಸ್ತೇನ್ರಿ?" ಎಂದು ಕೇಳಿದರೆ, "ಹಿಡಿಸ್ಯಾದ್ರಿ" ಎನ್ನುತ್ತಿದ್ದೆ. ವೃತ್ತಿಯಲ್ಲಿದ್ದೂ ನಾನು ಪರಿಶೀಲಿಸದೆ ಕೊಟ್ಟ ಹೇಳಿಕೆ ಅದೊಂದೇ.

ದೀಪಾವಳಿ ಹೊತ್ತಿಗೆ ಮಗಳಿಗೆ ಮೊದಲ ಹಲ್ಲು ಬಂತು, ಕೆಳಗೆ, ನಡುವೆ. ಆಯಿ ಅವಳ ತುಟಿ ಇಳಿಸಿ ನೋಡಿ, ತಮ್ಮ ತುಟಿಯನ್ನೂ ಇಳಿಸಿ ತೋರಿಸಿದರು. "ಈಗ ನಾವಿಬ್ರೂ ಸರಿ ಆದಿವಿ." ಮಗಳ ಜೊತೆಹಲ್ಲು ಬರಲು ಬಹಳ ದಿನ ಹಿಡಿಯಿತು.

ಸಂಕ್ರಾಂತಿ ಕಳೆದು ಮೂರು ದಿನ ಆಯಿ ಬರಲಿಲ್ಲ. ಜ್ವರ ಎಂದರು. ನಾಲ್ಕನೇ ದಿನ ಬೆಳಿಗ್ಗೆ ತೀರಿಕೊಂಡರು. ಹೆಂಡತಿ ಅಂದು ಶಾಲೆಗೆ ರಜೆ ಹಾಕಿದಳು. ಆ ನೌಕರಿಯಲ್ಲಿ ಅವಳು ಇವತ್ತಿಗೂ ಇದ್ದಾಳೆ.

ದಿನಕರ್ಮ ಮುಗಿದ ಮೇಲೆ ಆಯಿಯ ಮಗಳು ತಿಂಥಣಿಗೆ ಹಿಂತಿರುಗುವ ಮುನ್ನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಆಯಿ ಸದಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ತಂಬಾಕಿನ ಸಂಚಿ ಇತ್ತು.

"ಇದರಾಗ ನಿಮ್ಮ ಮನೀದೊಂದು ಅದ ಅನಸ್ತದ್ರಿ."

ಸಂಚಿಯ ಮೂರು ಅರೆಗಳಲ್ಲಿ ಎರಡು ಖಾಲಿ. ತಂಬಾಕಿನ ಒಂದು ಎಳೆಯೂ ಇರಲಿಲ್ಲ. ಮೂರನೆಯದರಲ್ಲಿ, ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿದ ಗುಲಾಬಿ ಚೂಸ್ನಿ. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರಬ್ಬರಿನ ಮೇಲೆ ಒಂದೇ ಹಲ್ಲು ಊರಿದ ಗುರುತಿತ್ತು. "ಇದು ಯಾರ ಹಲ್ಲು?" ಎಂದಳು.

ಆ ಮಧ್ಯಾಹ್ನಗಳಲ್ಲಿ ನಮ್ಮ ಪಡಸಾಲೆಯಲ್ಲಿ ಒಂದೇ ಹಲ್ಲಿನವರು ಇಬ್ಬರಿದ್ದರು.